ಎಡಭುಜ ಅರ್ಧ ಇಂಚು ಕೆಳಗ

ವಿಜಯಪುರ
3 ಆಗಸ್ಟ್ 2025

ಪ್ರೀತಿಯ ಬುಡ್ಡೇಸಾಬ ಚಾಚಾ ಅವರಿಗೆ,

ನಿಮ್ಮ ತಮ್ಮನ ಮಗಳು ಜೀನತ ಮಾಡುವ ಸಲಾಮುಗಳು.

ಟಿಕೋಟಾದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು, ಫೋನಿನಲ್ಲಿ ಅರ್ಧ ನಿಮಿಷ. ಇಷ್ಟು ಹತ್ತಿರದಿಂದ ಪತ್ರ ಬಂತೆಂದರೆ ಅಬೇದಾ ಚಾಚಿ ಆಗಲೇ ‘ಯಾರಿಗೇನಾತು’ ಎಂದು ಎದೆ ಹಿಡಿದುಕೊಂಡಿರುತ್ತಾರೆ. ಮೊದಲು ಅವರಿಗೆ ಹೇಳಿ: ಯಾರಿಗೂ ಏನೂ ಆಗಿಲ್ಲ. ಓದಿನ ಕೆಲಸ, ಅಷ್ಟೆ.

ಮನಃಶಾಸ್ತ್ರದ ಎಂ.ಎ. ಎರಡನೇ ವರ್ಷಕ್ಕೆ ನಾನೊಂದು ಪ್ರಬಂಧ ಒಪ್ಪಿಸಬೇಕು. ‘ದೀರ್ಘಕಾಲ ಒಂದೇ ಕಸುಬು ಮಾಡಿದವರಲ್ಲಿ ಸುಪ್ತ ಮನಸ್ಸಿನ ಕಾರ್ಯವಿಧಾನ’ ಎಂಬುದು ವಿಷಯ. ನಲವತ್ತೆರಡು ವರ್ಷ ಒಂದೇ ಮಷೀನಿನ ಮುಂದೆ ಕೂತ ದರ್ಜಿ ನಮ್ಮ ಮನೆತನದಲ್ಲೇ ಇರುವಾಗ ಬೇರೆಯವರನ್ನು ಹುಡುಕುವುದೇಕೆ? ಮೇಡಂ ಒಂದು ನಿಯಮ ಹಾಕಿದ್ದಾರೆ. ವಿವರಗಳನ್ನು ನೀವೇ ಸ್ವಂತ ಕೈಬರಹದಲ್ಲಿ ಬರೆಯಬೇಕು, ಫೋನಿನ ಮಾತು ನಡೆಯುವುದಿಲ್ಲ. ಮಾತಾಡುವಾಗ ಮನುಷ್ಯ ತನ್ನನ್ನು ಸಂಭಾಳಿಸಿಕೊಳ್ಳುತ್ತಾನೆ, ಬರೆಯುವಾಗ ಜಾರುತ್ತಾನೆ, ಜಾರಿದ್ದೇ ನಮಗೆ ಬೇಕಾದ್ದು ಎನ್ನುತ್ತಾರೆ ಅವರು.

ಸುಪ್ತ ಮನಸ್ಸು ಎಂದರೇನು ಎಂದು ನೀವು ಕೇಳಬಹುದು. ನಮ್ಮ ಮನಸ್ಸು ಸಮುದ್ರದಲ್ಲಿ ತೇಲುವ ಹಿಮಗಡ್ಡೆಯಂತೆ. ಮೇಲೆ ಕಾಣುವುದು ಸ್ವಲ್ಪ, ನೀರೊಳಗೆ ಅಡಗಿರುವುದೇ ಬಹುಪಾಲು. ನಾವು ಮರೆತೆವೆಂದುಕೊಂಡದ್ದು, ಬೇಡವೆಂದು ತಳ್ಳಿದ್ದು ಎಲ್ಲವೂ ಅಲ್ಲಿರುತ್ತದೆ, ಮತ್ತು ನಮ್ಮನ್ನು ಕೇಳದೆಯೇ ನಮ್ಮಿಂದ ಕೆಲಸ ಮಾಡಿಸುತ್ತದೆ.

ದಯವಿಟ್ಟು ನಿಮ್ಮ ಕೆಲಸದ ಕುರಿತು ಬರೆಯಿರಿ. ಈಚೆಗೆ ಏನಾದರೂ ಮರೆತದ್ದು, ತಪ್ಪಿದ್ದು ಇದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿ.

ನಿಮ್ಮ ವಿಧೇಯ,
ಜೀನತ


ಟಿಕೋಟಾ
9 ಆಗಸ್ಟ್ 2025

ಬೇಟಿ ಜೀನತ,

ಚಾಚಾನ ಸಲಾಮು, ಚಾಚಿಯ ದುವಾ.

ನಿನ್ನ ಪತ್ರ ಮುಟ್ಟಿತು. ಪೋಸ್ಟಮನ್ ಅಂಗಡಿ ಮುಂದ ಗಾಡಿ ನಿಲ್ಲಿಸಿ, ‘ಸಾಬ್ರ, ಬ್ಯಾಂಕಿಂದಲ್ಲ, ಕೋರ್ಟಿಂದಲ್ಲ, ಖರೇನ ಮನಷ್ಯಾರು ಬರದದ್ದು ಬಂದೈತ್ರಿ!’ ಅಂತ ಬಜಾರಕ್ಕ ಕೇಳೂವಂಗ ಒದರಿ ಕೊಟ್ಟ. ನಾಕ ಮಂದಿ ಕೂಡಿದರು. ಎಲ್ಲಾರ ಮುಂದ ಓದಿದೆ. ‘ಕಾರ್ಯವಿಧಾನ’ ಅನ್ನೂತನಕ ಮೂರ ಮಂದಿ ಎದ್ದ ಹೋದರು. ಉಳದಾಂವ ಕಿವುಡ.

ಹಿಮಗಡ್ಡಿ ಅಂತ ಬರದಿ. ಬೇಟಿ, ಈ ಜಿಲ್ಲಾದಾಗ ನಾವು ಕಂಡ ಬರ್ಫ ಅಂದ್ರ ಗೋಲಾ ಗಾಡಿಂದು. ಅದು ಎಲ್ಲೀ ತೇಲೂದಿಲ್ಲ, ಕೈಯಾಗ ಕರಗಿ ಅಂಗೀಮ್ಯಾಲ ಬಣ್ಣಾ ಬೀಳಸತೈತಿ. ನನಗ ತಿಳದಂಗ ಹೇಳಲೇನ? ಕೋಟಿಗೆ ಒಳಗ ಅಸ್ತರ ಇರತೈತಿ. ಅದನ್ನ ಯಾರೂ ನೋಡೂದಿಲ್ಲ, ಹೊಗಳೂದಿಲ್ಲ. ಆದ್ರ ಕೋಟು ಮೈಮ್ಯಾಲ ಕುಂದರೂದು ಅದರ ದಯಾದಿಂದ. ನಿಮ್ಮ ಸುಪ್ತ ಮನಸ್ಸು ಅಂದ್ರ ಅದ ಇರಬೇಕು. ಸರಿ ಇದ್ರ ಹಿಂಗ ಅಂತ ನಿಮ್ಮ ಮೇಡಮ್ಮಗ ಹೇಳು, ತಪ್ಪಿದ್ರ ಚಾಚಾಗ ತಿಳೀಲಿಲ್ಲಂತ ಹೇಳು.

ನನ್ನ ಕೆಲಸದ ಬಗ್ಗೆ. ನಾ ಅಳತಿ ಪುಸ್ತಕ ಇಟ್ಟಾಂವಲ್ಲ. ಒಮ್ಮಿ ಟೇಪ ಹಿಡದ್ರ ಮುಗೀತು, ಆ ಮನಷ್ಯಾ ಸಾಯೂತನಕ ನನ್ನ ತಲ್ಯಾಗ ಇರತಾನ. ಮಂದಿ ಹೆಸರ ಮರತೇನಿ, ಕೊರಳ ಮರತಿಲ್ಲ. ಅರಿವಿ ಹಾಸಿ, ಗೆರಿ ಎಳಿಯೂ ಖಡು ಹಿಡದು, ಮನಷ್ಯಾನ ನೆನಸಿದೆ ಅಂದ್ರ ಕತ್ರಿ ತಾನ ಓಡತೈತಿ. ನಾ ಆಗ ರೇಡಿಯೋ ಕೇಳತೇನಿ, ಚಾಚಿ ಕೂಡ ಜಗಳಾ ಮಾಡತೇನಿ.

ಇನ್ನ ತಪ್ಪಿದ್ದು. ನೀ ಸಂಕೋಚ ಬಿಡು ಅಂದದ್ದಕ್ಕ ಬರಿಯಾಕತ್ತೇನಿ. ಹೋದ ತಿಂಗಳ ಸಾಲಿ ಮಾಸ್ತರ ಸಿದ್ದರಾಯನ ಅಂಗಿ ಹೊಲದೆ. ಮಾಸ್ತರ ನಿನಗ ಗೊತ್ತಲ್ಲ, ಗಾಳಿ ಬೀಸಿದ್ರ ಕಂಬಾ ಹಿಡಕೊಳ್ಳಾಂವ. ಅಂಗಿ ಹಾಕಿದ, ಒಳಗ ಅಂವ ಎಲ್ಲೆದಾನ ಅಂತ ಹುಡಕಬೇಕಾತು. ನಾ ನಾಚಿಕಿಲೆ ಸತ್ತೆ. ಅಂವ ಮಾತ್ರ ಖುಷಿ ಆಗ್ಯಾನ! ಮೊಬೈಲಿನ್ಯಾಗ ಯಾರದೋ ಭಾಷಣಾ ಕೇಳಿ, ದಿನಾ ಮುಂಜಾನೆ ಕನ್ನಡಿ ಮುಂದ ನಿಂತು ತನ್ನ ಸುಪ್ತ ಮನಸ್ಸಿಗೆ ‘ನಾ ದಪ್ಪ ಆಗಾಕತ್ತೇನಿ’ ಅಂತ ಹೇಳತಾನಂತ. ‘ಬುಡ್ಡೇಸಾಬ್ರ, ಕೆಲಸಾ ಚಾಲೂ ಆತ ನೋಡ್ರಿ. ಅಂಗಿ ಮುಂದ ಹೋಗೈತಿ, ನಾ ಹಿಂದಿಂದ ಬರತೇನಿ!’ ಅಂದ.

ಎಂಟ ದಿನದ ಮ್ಯಾಲ ದ್ರಾಕ್ಷಿ ವ್ಯಾಪಾರಿ ಇಸ್ಮಾಯಿಲಂದು. ಅಂವ ದೊಡ್ಡಾಳು. ಅವಂಗ ಅಂಗಿ ಗುಂಡಿ ಕೂಡವಲ್ಲವು. ‘ಉಸರ ಬಿಟ್ರ ಗುಂಡಿ ಹತ್ತತಾವ್ರಿ, ಆದ್ರ ಉಸರ ಇಲ್ಲದ ವ್ಯಾಪಾರ ಹ್ಯಾಂಗ ಮಾತಾಡ್ಲಿ?’ ಅಂದ. ಅಂವ ಖುಷಿ ಆಗಲಿಲ್ಲ.

ಇಷ್ಟ. ವಯಸ್ಸಾತು, ಅದಕ್ಕ ಹೆಸರ ಯಾಕ ಬೇಕು?

ನಿನ್ನ ಚಾಚಾ,
ಬುಡ್ಡೇಸಾಬ


ವಿಜಯಪುರ
14 ಆಗಸ್ಟ್ 2025

ಪ್ರೀತಿಯ ಚಾಚಾ,

ಅಸ್ತರದ ಮಾತನ್ನು ತರಗತಿಯಲ್ಲಿ ಓದಿದೆ. ಮೇಡಂ ಹಲಗೆಯ ಮೇಲಿದ್ದ ಹಿಮಗಡ್ಡೆಯ ಚಿತ್ರ ಅಳಿಸಿ ಕೋಟು ಬರೆದರು. ಕೋಟು ಚೆನ್ನಾಗಿ ಬರಲಿಲ್ಲ, ನೀವು ನೋಡಿದ್ದರೆ ಬೈಯುತ್ತಿದ್ದಿರಿ.

ಎರಡು ಅಂಗಿಗಳ ವಿಚಾರ ಓದಿ ರೋಮಾಂಚನವಾಯಿತು. ನನ್ನ ವಿಶ್ಲೇಷಣೆ ಹೀಗಿದೆ. ಸಿದ್ದರಾಯ ಮಾಸ್ತರರ ಬಗ್ಗೆ ನಿಮ್ಮೊಳಗೆ ಅಪಾರ ಗೌರವವಿದೆ, ಹಾಗಾಗಿ ಅವರನ್ನು ದೊಡ್ಡವರನ್ನಾಗಿ ಕಂಡಿರಿ. ಇಸ್ಮಾಯಿಲ ಅವರ ಮೇಲೆ ಅದುಮಿಟ್ಟ ಸಿಟ್ಟಿದೆ, ಹಾಗಾಗಿ ಅವರನ್ನು ಕುಗ್ಗಿಸಿದಿರಿ.

ಮೊದಲ ತಪ್ಪು ಯಾವ ದಿನ ಆಯಿತು? ಅದರ ಆಸುಪಾಸಿನಲ್ಲಿ ಮನೆಯಲ್ಲಿ ಏನಾದರೂ ಹೊಸ ಮಾತು ನಡೆದಿತ್ತೇ? ಆ ಎರಡೂ ಅಂಗಿಗಳನ್ನು ನನಗೆ ಕಳಿಸಲಾದೀತೇ?

ನಿಮ್ಮ,
ಜೀನತ


ಟಿಕೋಟಾ
24 ಆಗಸ್ಟ್ 2025

ಬೇಟಿ,

ನಿನ್ನ ವಿಶ್ಲೇಷಣಾ ಚಾಚಿಗೆ ಓದಿ ಹೇಳಿದೆ. ‘ಸಿದ್ದರಾಯನ ಮ್ಯಾಲ ಇವರಿಗೆ ಗೌರವ? ಕೇರಂ ಆಡೂ ಮುಂದ ಅವನ್ನ ಕಳ್ಳ ಅಂತ ಬೈತಾರ!’ ಅಂದಳು. ಇಸ್ಮಾಯಿಲನ ಮ್ಯಾಲ ಸಿಟ್ಟು ಐತಿ ಖರೆ, ಆದ್ರ ಅದನ್ನ ನಾ ಅದುಮಿ ಇಟ್ಟಿಲ್ಲ. ದಿನಾ ಅವನ ಮುಂದನ ಹೇಳತೇನಿ.

ಈ ಪತ್ರದಾಗ ನಗಸೂದು ಇಷ್ಟ. ಮುಂದಿಂದು ಬ್ಯಾರೆ.

ಮೂರನೇದೂ ಆತು. ಈ ಸಲ ನನ್ನ ಸ್ವಂತ ಅಂಗಿ. ನನ್ನ ಮೈ ಅಳತಿ ನನಗ ತಪ್ಪಿತು ಅಂದ್ರ ಇನ್ನೇನ ಉಳೀತು? ತೋಳು ಬೆರಳ ದಾಟಿ ಬಂದ್ವು. ಚಾಚಿ ನೋಡಿದಳು, ಏನೂ ಅನ್ನಲಿಲ್ಲ. ಅಕಿ ಸುಮ್ಮ ಇದ್ಲಂದ್ರ ನನಗ ಅಂಜಿಕಿ.

ನಮ್ಮವ್ವ ದಾವಲಬಿ, ನಿಮ್ಮಜ್ಜಿ, ಕಡೀ ಎರಡ ವರ್ಷ ಯಾರನ್ನೂ ಗುರುತ ಹಿಡೀಲಿಲ್ಲ. ಒಂದಿನ ನನ್ನ ಕೈ ಹಿಡದು, ‘ಯಾರಪ್ಪಾ ನೀ, ಟೇಲರನೇನ?’ ಅಂದಳು. ಮಗಾ ಅಂತ ಮರತಿದ್ದಳು, ಟೇಲರ ಅಂತ ಮರತಿರಲಿಲ್ಲ. ಅದನ್ನ ನಾ ಆಗ ಎಲ್ಲಾರಿಗೂ ಹೇಳಿ ನಗಸತಿದ್ದೆ. ಈಗ ಹೇಳೂದಿಲ್ಲ.

ನಮ್ಮ ಮಗಾ ಫೈಜಲ, ನಿನ್ನ ಅಣ್ಣಾ, ನನ್ನ ವಿಜಯಪುರಕ್ಕ ಕರಕೊಂಡ ಹೋಗಿ ಡಾಕ್ಟರಿಗೆ ತೋರಿಸಿದ. ಡಾಕ್ಟರು ಮೂರ ಶಬ್ದ ಹೇಳಿದರು: ಬಾಳಿಹಣ್ಣು, ಕುರ್ಚಿ, ನದಿ. ಐದ ಮಿನಿಟಿನ ಮ್ಯಾಲ ಕೇಳಿದರು. ‘ಬಾಳಿಹಣ್ಣು, ಕುರ್ಚಿ, ನದಿ. ನಿಮ್ಮ ಕೊರಳ ಹದಿನೈದೂವರಿ, ಹಾಕ್ಕೊಂಡಿದ್ದು ಹದಿನಾರು, ಅದಕ್ಕ ಕಾಲರ ಹಿಂದ ಬಿದ್ದೈತ್ರಿ’ ಅಂದೆ. ತಲಿ ಚೊಲೋ ಐತಿ ಅಂತ ಚೀಟಿ ಬರದ ಕೊಟ್ರು. ಫೈಜಲಗ ಸಮಾಧಾನ ಆಗಲಿಲ್ಲ. ತಲಿ ಚೊಲೋ ಇದ್ರ ಮೂರ ಅಂಗಿ ಯಾಕ ಕೆಟ್ಟವು ಅಂತ ಅವನ ಪ್ರಶ್ನೆ. ಅದು ನಂದೂ ಪ್ರಶ್ನೆ.

ನಿನಗ ಗೊತ್ತಿರಲಿಕ್ಕಿಲ್ಲ. ದೀಪಾವಳಿಗೆ ಅಂಗಡಿ ಮುಚ್ಚಿ, ಬಾಡಿಗಿ ಕೊಟ್ಟು, ನಾವಿಬ್ಬರೂ ವಿಜಯಪುರಕ್ಕ ಬರಬೇಕು ಅಂತಾನ ಅಂವ. ಕೆಟ್ಟ ಮಗಾ ಅಲ್ಲ ಅಂವ, ಕಾಳಜಿಲೇ ಹೇಳತಾನ. ಆದ್ರ ಬೇಟಿ, ಕೈ ಹೋಗಿದ್ರ ನಾನ ಮುಚ್ಚತೇನಿ, ಯಾರೂ ಹೇಳೂದ ಬ್ಯಾಡ. ಮಂದಿ ಅರಿವಿ ಕೆಡಸಾಂವಗ ಕತ್ರಿ ಹಿಡಿಯೂ ಹಕ್ಕಿಲ್ಲ. ಕೈ ಹೋಗಿಲ್ಲ ಅಂದ್ರ ಮಾತ್ರ ನಾ ಯಾಕ ಮುಚ್ಚಲಿ? ನನಗ ತಿಳೀಬೇಕಾದ್ದು ಇದೊಂದ. ನಿನ್ನ ಪುಸ್ತಕದಾಗ ಇದ್ರ ನೋಡಿ ಹೇಳು.

ಮೂರೂ ಅಂಗಿ ಇಸ್ಮಾಯಿಲನ ಗಾಡ್ಯಾಗ ಕಳಸೇನಿ.

ಬುಡ್ಡೇಸಾಬ


ವಿಜಯಪುರ
31 ಆಗಸ್ಟ್ 2025

ಪ್ರೀತಿಯ ಚಾಚಾ,

ಅಂಗಿಗಳು ಮುಟ್ಟಿದವು. ಹಾಸ್ಟೆಲಿನ ಮಂಚದ ಮೇಲೆ ಮೂರನ್ನೂ ಒಂದರ ಮೇಲೊಂದು ಹಾಸಿದೆ. ನಮ್ಮ ರೂಮಿನ ಸುರೈಯಾ ಟೇಪು ಹಿಡಿದಳು, ನಾನು ಬರೆದುಕೊಂಡೆ.

ಚಾಚಾ, ಮೂರೂ ಒಂದೇ ಅಂಗಿ! ಉದ್ದ ಮೂವತ್ತೆಂಟು, ಎದೆ ನಲವತ್ತನಾಲ್ಕು, ತೋಳು ಇಪ್ಪತ್ತೈದು. ಮೂರರಲ್ಲೂ ಎಡಭುಜ ಬಲಕ್ಕಿಂತ ಸರಿಯಾಗಿ ಅರ್ಧ ಇಂಚು ಕೆಳಗೆ. ಮೂರರಲ್ಲೂ ಒಳಗಡೆ ಕಳ್ಳಜೇಬಿನಂಥ ಒಂದು ಆಳವಾದ ಬಕ್ಕಣ. ದಾರದಷ್ಟೂ ವ್ಯತ್ಯಾಸವಿಲ್ಲ.

ನೀವು ಮೂರು ಬಾರಿ ತಪ್ಪಿಲ್ಲ. ಒಬ್ಬರೇ ಮನುಷ್ಯನಿಗೆ ಮೂರು ಬಾರಿ ಸರಿಯಾಗಿ ಹೊಲಿದಿದ್ದೀರಿ. ಮರೆವು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಇದು ಮರೆವಲ್ಲ, ನೆನಪು.

ಯಾರ ನೆನಪು? ಇದು ನನ್ನ ಅಬ್ಬಾನದು, ಅಲ್ಲವೇ? ನಾನು ನಡೆಯಲಾರದಾಗ ಅಬ್ಬಾ ನನ್ನನ್ನು ಎಡಭುಜದ ಮೇಲೇ ಹೊತ್ತು ತಿರುಗುತ್ತಿದ್ದರೆಂದು ಅಮ್ಮಿ ಹೇಳುತ್ತಾರೆ. ಒಳಬಕ್ಕಣದಿಂದ ಬೆಲ್ಲದ ಚೂರು ತೆಗೆದು ಕೊಡುತ್ತಿದ್ದದ್ದು ನನಗೆ ನೆನಪಿದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ನೀವು ಒಂದು ದಿನವೂ ಯಾರ ಮುಂದೂ ಅತ್ತವರಲ್ಲ. ಒಳಮನಸ್ಸು ತಮ್ಮನಿಗೆ ಅಂಗಿ ಹೊಲಿಯುತ್ತಿದೆ.

ನಿನ್ನೆ ಸಂಜೆ ಆ ಅಂಗಿಯೊಂದನ್ನು ಮಡಚಿ ನನ್ನ ಪೆಟ್ಟಿಗೆಯಲ್ಲಿಟ್ಟುಕೊಂಡೆ. ನನಗೆ ಅದನ್ನು ಕೊಡುವಿರಾ?

ಜೀನತ


ಟಿಕೋಟಾ
20 ಸೆಪ್ಟೆಂಬರ್ 2025

ಬೇಟಿ ಜೀನತ,

ಇಪ್ಪತ್ತ ದಿನಾ ಏನ ಬರೀಬೇಕಂತ ತಿಳೀಲಿಲ್ಲ. ಸುಳ್ಳ ಬರದ್ರ ನಿನಗೂ ಚೊಲೋ, ನನಗೂ ಚೊಲೋ. ಆದ್ರ ಅಳತಿ ವಿಷಯದಾಗ ನಾ ಸುಳ್ಳ ಹೇಳೂದಿಲ್ಲ. ನಿನ್ನ ಅಬ್ಬಾ ಯಾಸೀನನ ಎದಿ ಮೂವತ್ತಾರು. ಭುಜ ಎರಡೂ ಸಮ. ಅವನ ಅಂಗಿ ಮಂದಿದು ಉಳದ ತುಂಡಿನ್ಯಾಗ ಆಗಿ ಹೋಗತಿತ್ತು. ಆ ಬೆಲ್ಲದ ಬಕ್ಕಣಾ ಹೊರಗಿತ್ತು, ಬಲಕ್ಕ. ಅವಂಗ ಅಂತ ಒಂದ ಅಂಗಿ ಬ್ಯಾರೆ ಹೊಲದ ಕೊಡತೇನಿ ನಿನಗ, ಅದನ್ನ ಇಟ್ಟಕೋ.

ಅದು ಕಳ್ಳಕವಟಗಿ ಊರಿನ ಅಮೋಘಿದು. ಮೂರನೇದು ಹಾಕ್ಕೊಂಡಾಗ ಸಂಶೆ ಬಂದಿತ್ತು, ನೀ ಬರದ ಅಳತಿ ಓದಿದ ಮ್ಯಾಲ ಖಾತ್ರಿ ಆತು. ಕುರಿ ಕಾಯಾಂವ, ನನ್ನ ಸಾಲಿ ಗೆಳೆಯಾ. ಮೂವತ್ತ ವರ್ಷ ಎಡಭುಜದ ಮ್ಯಾಲ ಕಂಬಳಿ, ಒಮ್ಮೊಮ್ಮಿ ಮ್ಯಾಲ ಒಂದ ಮರಿ. ಭುಜ ಇಳಿದಿತ್ತು. ಆ ಅರ್ಧ ಇಂಚು ಕಾಣಲಾರದಂಗ ಹೊಲಿಯೂದು ನನಗೊಬ್ಬಂಗ ಬರತಿತ್ತು.

ಒಂಬತ್ತ ವರ್ಷದ ಹಿಂದ ಮಗಳು ಲಕ್ಷ್ಮಿ ಮದವ್ಯಾಗ ಬಬಲೇಶ್ವರದಾಗ ಕೊಂಡ ರೆಡಿಮೇಡ್ ಅಂಗಿ ಹಾಕ್ಕೊಂಡ ನಿಂತಿದ್ದ. ಅರಿವಿ ಸೈತ ನನ್ನ ಕಡೆ ತಂದಿರಲಿಲ್ಲ. ಎಡಗಡೆ ಜೋತಬಿದ್ದು ಹಂದರದಾಗ ಎಲ್ಲಾರಿಗೂ ಕಾಣತಿತ್ತು. ನಾ ಅಕ್ಕಿಕಾಳ ಹಾಕಿ, ಸಂಜಿಗೆ ರೋಜಾ ಬಿಟ್ಟ ಮ್ಯಾಲೂ ಅಲ್ಲಿ ಉಣ್ಣಲಾರದ ಬಂದೆ. ಅವತ್ತಿಂದ ಮಾತಿಲ್ಲ.

ಮುಗೀತು. ಇನ್ನ ಇದರ ಬಗ್ಗೆ ಬರೀಬ್ಯಾಡ.

ಬುಡ್ಡೇಸಾಬ


ವಿಜಯಪುರ
28 ಸೆಪ್ಟೆಂಬರ್ 2025

ಚಾಚಾ,

ಬರೀಬ್ಯಾಡ ಅಂದ್ರಿ. ಬರಿಯಾಕತ್ತೇನಿ. ಪುಸ್ತಕದ ಭಾಷಾ ಇವತ್ತ ಕೈಗೆ ಬರವಲ್ದು, ನಿಮ್ಮಂಗನ ಬರೀತೇನಿ.

ನಿಮ್ಮ ಕಾಗದಾ ಓದಿ ಒಂದ ದಿನಾ ಅತ್ತೆ. ಬೆಲ್ಲದ ಬಕ್ಕಣಾ ಹೊರಗಿತ್ತು ಅನ್ನೂದು ನನಗ ತಿಳಿದಿರಲಿಲ್ಲ. ಎಷ್ಟೊ ವರ್ಷದಿಂದ ತಪ್ಪ ಜಾಗಾದಾಗ ಕೈ ಹಾಕಿ ಅಬ್ಬಾನ್ನ ಹುಡಕಾಕತ್ತಿದ್ದೆ. ಈಗ ಸರಿ ಜಾಗಾ ಸಿಕ್ಕಿತು. ಅದಕ್ಕ ನಿಮಗ ಶುಕ್ರಿಯಾ.

ಮೊದಲ ನಂದೊಂದ ತಪ್ಪ ಒಪ್ಪಗೋತೇನಿ. ಪ್ರಬಂಧ ಖರೆ, ಕೈಬರಹದ ನಿಯಮಾನೂ ಖರೆ. ಆದ್ರ ನಿಮ್ಮನ್ನ ಆರಿಸಿದ್ದು ನಾ ಅಲ್ಲ, ಫೈಜಲ ಅಣ್ಣಾ. ‘ಅಪ್ಪಾಗ ಮರವು ಸುರು ಆಗೈತೇನ, ನೀ ಓದಾಕಿ ಅದಿ, ಹುಷಾರಿಲೆ ತಿಳಕೊಂಡ ಹೇಳು’ ಅಂದಿದ್ದ. ಅಂಗಡಿ ಮುಚ್ಚೂ ಮಾತ ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಂಗ ಕೇಳಿದೆ. ಬೈರಿ.

ಇನ್ನೊಂದು. ಅಣ್ಣಾ ನಿಮ್ಮ ಮುಂದ ಆ ಮಾತ ತಗದಿದ್ದು ಜುಲೈ ಇಪ್ಪತ್ತು. ಮಾಸ್ತರು ಕೊಟ್ಟ ಅಂಗಿ ಜೋಡಿ ಅವರ ಚೀಟಿ ಇತ್ತು, ಅದರಾಗ ನೀವು ಕತ್ತರಿಸಿದ ದಿನಾ ಐತಿ. ಜುಲೈ ಇಪ್ಪತ್ತೆರಡು. ಅಂಗಡಿ ಮುಚ್ಚತೈತಿ ಅಂತ ಕೇಳಿದ ಎರಡನೇ ದಿನಕ್ಕ ನಿಮ್ಮ ಕೈ ಅಮೋಘಿ ಕಾಕಾನ ಅಂಗಿ ಹೊಲಿಯಾಕ ಕುಂತೈತಿ. ಯಾಕ ಅಂತ ತಿಳಕೊಳ್ಳಬೇಕಿತ್ತು. ನಿನ್ನೆ ಬಸ್ ಹಿಡದು ಕಳ್ಳಕವಟಗಿಗೆ ಹೋದೆ.

ಕಾಕಾ ಕಟ್ಟಿ ಮ್ಯಾಲ ಚಾದರ ಹೊದ್ದ ಕುಂತಿದ್ದರು, ಜ್ವರಾ ಬಂದ ಬಿಟ್ಟಿತ್ತಂತ. ಯಾಸೀನನ ಮಗಳು ಅಂದೆ. ಸಕ್ರವ್ವ ಕಾಕು ಒಳಗಿಂದ ಓಡಿ ಬಂದು, ‘ಬುಡ್ಡೇಸಾಬನ ಮನಿ ಕೂಸು ಬೇ! ಚಾ ಇಡತೇನಿ’ ಅಂದ್ರು. ಕಾಕಾ, ‘ಅಂವ ಆರಾಮ ಅದಾನೇನ? ಕಣ್ಣ ಹ್ಯಾಂಗದಾವು? ಸೂಜಿಗೆ ದಾರಾ ತಾನ ಏರಸತಾನೇನ?’ ಅಂತ ಕೇಳಿದರು.

ನಾನು ರೆಡಿಮೇಡ್ ಅಂಗಿ ಮಾತ ತಗದೆ. ಚಾದರ ಬಿಗಿ ಹೊದ್ದಗೊಂಡರು. ಆಮ್ಯಾಲ ಅಂದ್ರು: ‘ತಂಗೀ, ನಾ ರೆಡಿಮೇಡ್ ಯಾಕ ಹಾಕ್ಕೊಂಡೆ? ನನ್ನ ಅರಿವಿ ಅವನ ಅಂಗಡ್ಯಾಗ ಕುಂತಿತ್ತು, ಅದಕ್ಕ! ಸೊಲ್ಲಾಪುರದಿಂದ ತಂದಿದ್ದೆ. ಗೋಧಿ ಬಣ್ಣಾ, ಸಣ್ಣ ನೀಲಿ ಗೆರಿ. ಮದವಿಗೆ ತಿಂಗಳ ಮೊದಲ ಕೊಟ್ಟೆ. ಆ ವರ್ಷ ರಮಜಾನ ಮುಂಗಾರಿನ್ಯಾಗ ಬಂದಿತ್ತು. ಮೂರ ಸಲ ಹೋದೆ, ನಾಳೆ ಬಾ ಅಂದ. ನಾಕನೇ ಸಲ ಹೋದೆ. ಅಂಗಡಿ ತುಂಬ ಈದ್ ಅರಿವಿ. ರೋಜಾ ಹಿಡದ ತುಟಿ ಒಣಗಿ ಬಿಳೀ ಆಗಿದ್ದುವು, ಮಷೀನಿನ ಮ್ಯಾಲ ಬಗ್ಗಿ ಹೊಲಿಯಾಕತ್ತಿದ್ದ. ಅಂಥಾ ಮನಷ್ಯಾನ ಮುಂದ ನಿಂತು ನನ್ನ ಅಂಗಿ ಅಂತ ಹ್ಯಾಂಗ ಕೇಳೂದು? ನನ್ನ ನೋಡಲಿಲ್ಲ ಅಂವ. ಹಂಗ ಬಬಲೇಶ್ವರಕ್ಕ ಹೋದೆ.’

ಮತ್ತ ಯಾಕ ಹೇಳಲಿಲ್ಲ ಅಂದೆ.

‘ಉಣ್ಣಲಾರದ ಹೋದ ಅಂವ, ನನ್ನ ಮಗಳ ಮದವ್ಯಾಗ. ನಾನೂ ಮನಷ್ಯಾ ಅದೇನಿ.’

ಅಣ್ಣಾಗ ನಾ ಇನ್ನೂ ಏನೂ ಹೇಳಿಲ್ಲ.

ಜೀನತ


ಟಿಕೋಟಾ
5 ಅಕ್ಟೋಬರ್ 2025

ಜೀನತ,

ಗುಪ್ತಚರ ಇಲಾಖೆಗೆ ನನ್ನ ಸಲಾಮು. ಚಾಚಾನ ತಲಿ ಅಳಿಯಾಕ ಬಂದಾಕಿ, ಅಲ್ಲಿಂದ ಕಳ್ಳಕವಟಗಿತನಕ ಹೋಗಿ ಪಂಚನಾಮೆ ಮಾಡಿದಿ. ಫೈಜಲಗ ಹೇಳು, ಅವನ ಪಗಾರಿಲ್ಲದ ಪೊಲೀಸು ಚೊಲೋ ಕೆಲಸಾ ಮಾಡ್ಯಾಳಂತ.

ಸಿಟ್ಟ ಬಂದೈತಿ ನನಗ. ನಿನ್ನ ಮ್ಯಾಲ ಕಡಿಮಿ, ಅವನ ಮ್ಯಾಲ ಹೆಚ್ಚು. ಅಮೋಘಿ ಅರಿವಿ ಕೊಟ್ಟಿಲ್ಲ. ಕೊಟ್ಟಿದ್ರ ನನಗ ನೆನಪಿರತಿತ್ತು. ಮಂದಿ ಅರಿವಿ ಕಳಕೊಂಡಾಂವ ಅಂತ ನಲವತ್ತೆರಡ ವರ್ಷದಾಗ ಯಾಂವನೂ ನನ್ನ ಕಡೆ ಬೆರಳ ಮಾಡಿ ತೋರಿಸಿಲ್ಲ. ಗೋಧಿ ಬಣ್ಣಾ ಅಂತ, ನೀಲಿ ಗೆರಿ ಅಂತ! ಕುರಿ ಕಾದ ಕಾದ ಕಥಿ ಕಟ್ಟೂದ ಕಲತಾನ. ಅಂಥಾ ಅರಿವಿ ನಾ ಕಣ್ಣೀಲೆ ನೋಡಿಲ್ಲ. ನನ್ನ ಅಂಗಡ್ಯಾಗ

6 ಅಕ್ಟೋಬರ್

ನಿನ್ನೆ ಬರಿಯೂದು ಇಲ್ಲಿತನಕ ಬಂದಾಗ ಚಾಚಿ ಚಾ ತಂದಳು. ನಾ ಬರಿಯೂದನ್ನ ಹೆಗಲ ಮ್ಯಾಲಿಂದ ಓದೂ ಚಟಾ ಅಕಿಗೆ. ‘ಗೋಧಿ ಬಣ್ಣಾ, ನೀಲಿ ಗೆರಿ’ ಅನ್ನೂಕಡೆ ಬಂದು ಚಾ ಕೆಳಗ ಇಟ್ಟಳು. ಒಳಗ ಹೋದಳು. ನನ್ನ ತಲದಿಂಬ ತಂದು ತೊಡೀಮ್ಯಾಲ ಇಟ್ಟಳು.

‘ನೋಡ್ರಿ’ ಅಂದಳು.

ತೊಳದ ತೊಳದ ಬಣ್ಣಾ ಹೋಗೈತಿ. ಆದ್ರ ಹೊಲಗಿ ಮಡಿಕಿ ಬಿಚ್ಚಿ ಒಳಗ ನೋಡಿದೆ. ಗೋಧಿ ಬಣ್ಣಾ. ಸಣ್ಣ ನೀಲಿ ಗೆರಿ.

ಆ ಈದ್ ಆದ ಮ್ಯಾಲ ಅಂಗಡಿ ಹಸನ ಮಾಡೂ ಮುಂದ ಕಪಾಟಿನ ಹಿಂದ ಒಂದ ಅರಿವಿ ಬಿದ್ದಿತ್ತಂತ. ಯಾರದು ಅಂತ ಕೇಳಿದ್ದಳಂತ. ಕತ್ತ ಸೈತ ಎತ್ತಲಾರದ ‘ಯಾರದೂ ಅಲ್ಲ’ ಅಂದಿದ್ದೆನಂತ ನಾ. ಯಾರದೂ ಅಲ್ಲದ ಅರಿವಿ ಯಾಕ ಕೆಡಸಬೇಕು? ದಿಂಬಿಗೆ ಎರಡ ಗವಸ ಹೊಲದಾಳ, ಒಂದ ಅಕಿಗೆ, ಒಂದ ನನಗ.

ನಿಮ್ಮ ಮೇಡಮ್ಮಗ ಇದನ್ನ ಹಲಗಿ ಮ್ಯಾಲ ಬರೀಲಿಕ್ಕೆ ಹೇಳು. ಒಂಬತ್ತ ವರ್ಷ ಹಗಲೆಲ್ಲಾ ಆ ಮನಷ್ಯಾನ್ನ ಬೈದೆ, ರಾತ್ರಿ ಅವನ ಅರಿವಿ ಮ್ಯಾಲ ತಲಿ ಇಟ್ಟ ಮಲಗಿದೆ. ಬಾಯಿ ಒಂದ ಕಥಿ ಹೇಳಾಕತ್ತಿತ್ತು, ಕಿವಿ ಕೆಳಗ ಇನ್ನೊಂದ ಕಥಿ ಇತ್ತು. ಕೊಟ್ಟಿಲ್ಲ ಅಂತ ನಾ ಸುಳ್ಳ ಹೇಳಿರಲಿಲ್ಲ ಬೇಟಿ. ಖರೇನ ಹಂಗ ನಂಬಿದ್ದೆ. ತಪ್ಪ ನಂದು ಅಂತ ಒಪ್ಪಗೊಳ್ಳೂದಕ್ಕಿಂತ ಅರಿವಿನ ಇರಲಿಲ್ಲ ಅಂತ ಮರಿಯೂದು ಸಸಾರ ಆಗಿತ್ತು.

ಕೈ ಮಾತ್ರ ಮರತಿಲ್ಲ. ಅಂಗಡಿ ಮುಚ್ಚತಾರ ಅಂತ ಕೇಳಿದ ಕೂಡಲೇ, ಇದೊಂದ ಉಳದೈತಿ ಅಂತ ಸಿಕ್ಕ ಸಿಕ್ಕ ಅರಿವಿ ಕತ್ತರಿಸಾಕ ಹತ್ತೈತಿ.

ಚಾಚಿ ಈಗ ನಗಾಕತ್ತಾಳ. ನಕ್ಕ ನಕ್ಕ ಕಣ್ಣಾಗ ನೀರ ಬಂದಾವ. ನಂಗ ಇನ್ನೂ ನಗು ಬಂದಿಲ್ಲ.

ಬುಡ್ಡೇಸಾಬ


ವಿಜಯಪುರ
10 ಅಕ್ಟೋಬರ್ 2025

ಚಾಚಾ,

ಮೇಡಂ ಓದಿದರು. ಆಮ್ಯಾಲ, ತಮ್ಮ ತಲದಿಂಬಿನ ಗವಸು ಎಲ್ಲಿಂದ ಬಂದಿದ್ದು ಅಂತ ಮನಿಗೆ ಫೋನ್ ಮಾಡಿ ಕೇಳಿದರು.

ಪ್ರಬಂಧಕ್ಕ ಇಷ್ಟ ಸಾಕು. ಇನ್ನ ಬರಿಯೂದ ಬಿಡ್ರಿ, ಕಳ್ಳಕವಟಗಿ ಬಸ್ ಹತ್ರಿ. ನೀವು ಹೋಗಿ ಬಂದ ಕಾಗದಾ ಬರೂತನಕ ಫೈಜಲ ಅಣ್ಣಾಗ ನಾ ಏನೂ ಹೇಳೂದಿಲ್ಲ. ದಿನಾ ಎರಡ ಸಲ ಫೋನ್ ಮಾಡಾಕತ್ಯಾನ. ‘ಸಂಶೋಧನೆ ನಡದೈತಿ’ ಅನ್ನಾಕತ್ತೇನಿ.

ಒಂದ ಅಂಗಿ ಇಸ್ಮಾಯಿಲ ಕಾಕಾನ ಗಾಡ್ಯಾಗ ತಿರುಗಿ ಕಳಸೇನಿ. ನಿಮ್ಮ ಸಲುವಾಗಿ ಅಂತ ಹೊಲದದ್ದು, ಮೂರರಾಗ ಚೊಲೋದು.

ಜೀನತ


ಟಿಕೋಟಾ
20 ಅಕ್ಟೋಬರ್ 2025

ಬೇಟಿ ಜೀನತ,

ನಿನ್ನೆ ಹೋಗಿ ಬಂದೆ.

ದೀಪಾವಳಿ ಹಿಂದಿನ ದಿನಾ. ಅಂಗಡಿ ಮುಂದ ಹನ್ನೆರಡ ಮಂದಿ ನಿಂತಿದ್ರು. ಬೀಗಾ ಹಾಕಿದೆ. ‘ಸಾಬ್ರ, ನಾಳೆ ಹಬ್ಬಾರಿ!’ ಅಂದ್ರು. ‘ನಾಳೆ ಬರ್ರಿ’ ಅಂದೆ. ಆ ಎರಡ ಮಾತು ಯಾವ ಮನಸ್ಸಿಂದ ಬರತಾವ ಅಂತ ನಿನ್ನ ಪುಸ್ತಕಕ್ಕೂ ತಿಳೀಲಿಕ್ಕಿಲ್ಲ.

ಚಾಚಿನೂ ಬಂದಳು, ಎರಡೂ ಗವಸ ತೊಳದು ಮಡಚಿ ಚೀಲದಾಗ ಹಾಕ್ಕೊಂಡು. ಬಸ್ಸಿನ್ಯಾಗ ಏನೇನ ಮಾತಾಡಬೇಕಂತ ಜೋಡಿಸಿಕೊಂಡಿದ್ದೆ. ಅಮೋಘಿ ಕಟ್ಟಿ ಮ್ಯಾಲ ಇದ್ದ. ಚಾದರ ಹೊದ್ದಿದ್ದ. ನನ್ನ ನೋಡಿ ಏಳಲೂ ಇಲ್ಲ, ಬಾ ಅನ್ನಲೂ ಇಲ್ಲ. ಸ್ವಲ್ಪ ಸರದ ಜಾಗಾ ಮಾಡಿದ. ಕುಂತೆ. ಜೋಡಿಸಿದ ಮಾತ ಒಂದೂ ಬರಲಿಲ್ಲ. ‘ಅರಿವಿ ಸಿಕ್ಕಿತು’ ಅಂದೆ.

‘ಎಲ್ಲಿತ್ತು?’

‘ತಲೀ ಕೆಳಗ.’

ಚಾಚಿ ಗವಸ ತಗದ ತೋರಿಸಿದಳು. ಅಂವ ಅವನ್ನ ಹಿಡದು, ಹೊರಳಿಸಿ, ಮೂಗಿಗೆ ಹಿಡದ ನೋಡಿ, ‘ನನ್ನ ಮಗಳ ಮದವಿ ಅಂಗಿಗೆ ನಿನ್ನ ತಲಿ ಎಣ್ಣಿ ವಾಸನಿ ಬರತೈತಲೇ ಬುಡ್ಡ್ಯಾ’ ಅಂದ. ಸಕ್ರವ್ವ ಗವಸ ಕಸಗೊಂಡು, ‘ಒಂದ ನಮಗಿರ್ಲಿ, ಒಂದ ನೀವ ಒಯ್ರಿ ಯಕ್ಕಾ. ಇಬ್ಬರೂ ಹಂಚಗೊಂಡ ಮಲಗಲಿ’ ಅಂದಳು. ಅವಾಗ ನನಗ ನಗು ಬಂತು. ನಾ ನಕ್ಕದ್ದ ನೋಡಿ ಅಂವ ನಕ್ಕ. ಮಾಫಿ ಕೇಳೂದು ಅದರಾಗ ಎಲ್ಲೋ ಆಗಿ ಹೋತು, ಯಾರು ಕೇಳಿದರು ಅಂತ ಗೊತ್ತಾಗಲಿಲ್ಲ.

ಆಮ್ಯಾಲ ನೀ ಕಳಿಸಿದ ಅಂಗಿ ತಗದೆ. ನಲವತ್ತನಾಕ ಎದಿ, ಎಡಭುಜ ಅರ್ಧ ಇಂಚ ಕೆಳಗ, ಒಳಬಕ್ಕಣ. ಹೆಮ್ಮೆಲೆ ತಗದೆ ಬೇಟಿ, ಸುಳ್ಳ ಯಾಕ ಹೇಳಲಿ. ಒಂಬತ್ತ ವರ್ಷ ನೋಡಲಾರದ ಕತ್ತರಿಸಿದ್ದು. ಅಂವ ಚಾದರ ತಗದು ಹಾಕ್ಕೊಂಡ.

ಒಳಗ ಇಬ್ಬರಿಗೆ ಜಾಗಾ ಇತ್ತು.

‘ಲೇ ಬುಡ್ಡ್ಯಾ, ಇದರಾಗ ನಾ ಒಬ್ಬನ ಇರಬೇಕೋ, ಸಕ್ರವ್ವನೂ ಬರಬೇಕೋ?’

ಸಕ್ಕರಿ ರೋಗಂತ. ಐದ ವರ್ಷಾತಂತ. ಅಮೋಘಿ ಇಳದ ಹೋಗ್ಯಾನ. ಕುರಿ ಮಾರಿ ದ್ರಾಕ್ಷಿ ಹಚ್ಚ್ಯಾನ, ಕಂಬಳಿ ಹೊರೂದು ಬಿಟ್ಟ ಆರ ವರ್ಷಾತಂತ. ಎಡಭುಜ ಮ್ಯಾಲ ಬಂದೈತಿ. ಎರಡೂ ಸಮ.

ನಿನ್ನ ಪ್ರಬಂಧಕ್ಕ ಕಡೀ ಮಾತ ಇದನ್ನ ಬರಿ. ಒಳಮನಸ್ಸು ಭಾಳ ನಂಬಿಗಿ ಆಳು. ಇಟ್ಟದ್ದನ್ನ ಇಟ್ಟಲ್ಲೇ ಕಾಯತೈತಿ, ಒಂದ ದಾರ ಹೆಚ್ಚು ಕಡಿಮಿ ಮಾಡೂದಿಲ್ಲ. ಆದ್ರ ಹೊರಗ ಏನ ನಡದೈತಿ ಅಂತ ಬಾಗಲಾ ತಗದ ನೋಡೂದಿಲ್ಲ ಅದು. ಗೆಳೆಯಾ ಸೊರಗಿದ್ದು ಅದಕ್ಕ ಗೊತ್ತಿಲ್ಲ. ಗೊತ್ತಾಗಬೇಕಂದ್ರ ನಾವು ಬಸ್ ಹತ್ತಬೇಕು.

ಫೈಜಲಗ ನೀ ಹೇಳೂದನ್ನ ಹೇಳು. ನನ್ನ ಕಡಿಂದ ಇಷ್ಟ ಸೇರಸು: ಕೈ ಹೋಗಿಲ್ಲ. ತಲಿನೂ ಹೋಗಿಲ್ಲ. ಒಂಬತ್ತ ವರ್ಷದ ಹಿಂದ ಮರತದ್ದು ಮುಪ್ಪಿಂದ ಅಲ್ಲ, ಟೇಲರಿಕಿಂದ. ಅಂಗಡಿ ಈ ದೀಪಾವಳಿಗೆ ಮುಚ್ಚೂದಿಲ್ಲ. ಮುಚ್ಚೂ ದಿನಾ ಬಂದಾಗ ನಾನ ಕತ್ರಿ ಇಡತೇನಿ, ಅಂವಗ ಮೊದಲ ಹೇಳತೇನಿ. ಅಲ್ಲಿತನಕ ಪ್ರತಿ ಶುಕ್ರವಾರ ನಾವಿಬ್ಬರೂ ವಿಜಯಪುರಕ್ಕ ಬಂದು ಅವನ ಮನ್ಯಾಗ ಉಂಡ ಬರತೇವಿ, ಅವಂಗೂ ಮನಸ್ಸ ನಿರುಂಬಳ ಆಗಲಿ. ಇದಕ್ಕ ಒಪ್ಪಲಿಲ್ಲ ಅಂದ್ರ ಡಾಕ್ಟರ ಚೀಟಿ ಮತ್ತೊಮ್ಮಿ ಓದು ಅನ್ನು.

ಅಲ್ಲೇ ಅಮೋಘಿದು ಹೊಸಾ ಅಳತಿ ತೊಗೊಂಡೆ. ಉದ್ದ, ತೋಳು, ಕೊರಳು ಎಲ್ಲಾ ಆತು. ಎದಿ ಉಳದಿತ್ತು. ಎದಿ ಅಳತಿ ತೊಗೊಳ್ಳೂ ಪದ್ಧತಿ ನಿನಗ ಗೊತ್ತಿರಬೇಕು, ಎರಡೂ ಕೈ ಚಾಚಿ, ಟೇಪ ಬೆನ್ನ ಹಿಂದಿಂದ ಸುತ್ತಿ ಮುಂದ ತರಬೇಕು. ನನ್ನ ಗದ್ದ ಅವನ ಭುಜದ ಮ್ಯಾಲ ಬಂತು. ಅಂವ ಕೈ ಮ್ಯಾಲೆತ್ತಿ ನಿಲ್ಲಬೇಕು, ಅದು ನಿಯಮಾ. ಎತ್ತಲಿಲ್ಲ. ನನ್ನ ಬೆನ್ನ ಮ್ಯಾಲ ಇಟ್ಟ. ಹೊರಗಿಂದ ನೋಡಿದವರಿಗೆ ಬ್ಯಾರೆ ಏನರೇ ಕಂಡಿರಬಹುದು. ಸಕ್ರವ್ವ, ಚಾಚಿ ಇಬ್ಬರೂ ಯಾಕೋ ಒಳಗ ಎದ್ದ ಹೋದರು. ನಾವು ಅಳತಿ ತೊಗೊಂಡಿವಿ, ಅಷ್ಟ.

ಎದಿ ಮೂವತ್ತೊಂಬತ್ತು. ತಪ್ಪಬಾರದಂತ ಎರಡ ಸಲ ಅಳದೆ.

ನಿನ್ನ ಚಾಚಾ,
ಬುಡ್ಡೇಸಾಬ